ಆಷಾಢಕ್ಕೆ ಮೊದಲು ಉಕ್ಕಿದ ಹಾಲು

ಮಾಳಮಡ್ಡಿ, ಧಾರವಾಡ
೪ ಜುಲೈ ೨೦೨೫, ಶುಕ್ರವಾರ

ಮುದ್ದಿನ ಮೆರ್ಲಿನ್‌ಗೆ ನಿನ್ನ ಎಸ್ತರಜ್ಜಿಯ ಮುತ್ತುಗಳು.

ಕರ್ತನ ಕೃಪೆಯಿಂದ ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಆರೋಗ್ಯ ಹೇಗಿದೆ? ಕೊಯಮತ್ತೂರಿನ ನೀರಿಗೆ ಕೂದಲು ಉದುರುತ್ತಿದೆ ಎಂದು ಅಳುತ್ತಿದ್ದೆಯಲ್ಲ, ನಾನು ಕಾಸಿ ಕಳಿಸಿದ ಮೆಂತ್ಯದ ಎಣ್ಣೆ ಹಚ್ಚುತ್ತೀಯೋ ಅಥವಾ ಹಾಸ್ಟೆಲಿನ ಕಪಾಟಿನಲ್ಲಿಟ್ಟು ಅದರ ಅಂದ ನೋಡುತ್ತೀಯೋ? ಹತ್ತಿಯ ಧೂಳಿಗೆ ನಿನಗೆ ಸೀನು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೋ. ಎಳೆಯ ಉದ್ದ ನೋಡಿ ಹತ್ತಿಯ ದರ್ಜೆ ಹೇಳುವ ವಿದ್ಯೆಯನ್ನು ಮೂರು ತಿಂಗಳು ಕಲಿಸುತ್ತಾರಂತೆ, ನಮ್ಮ ಅಮರಗೋಳದ ಮಾರುಕಟ್ಟೆಯ ದಲಾಲರು ಅದನ್ನು ಚಹಾ ಕುಡಿಯುತ್ತ ಹೇಳುತ್ತಾರೆ. ಸಿಟ್ಟಾಗಬೇಡ. ನಮ್ಮ ಮನೆತನದಲ್ಲಿ ಮೇಷ್ಟರಿಕೆ ಬಿಟ್ಟು ಬೇರೆ ನೌಕರಿ ಹಿಡಿದವಳು ನೀನೊಬ್ಬಳೇ, ನನಗೆ ಅದರ ಹೆಮ್ಮೆ ಇದೆ. ಫೋನ್ ಮಾಡುವುದು ಬಿಟ್ಟು ಅಜ್ಜಿ ಯಾಕೆ ಕಾಗದ ಬರೆದಳು ಎಂದು ನೀನು ಹುಬ್ಬು ಏರಿಸಿರುತ್ತೀ. ಕಾರಣ ಇದೆ, ಬರೆಯುತ್ತೇನೆ. ಕುಳಿತುಕೊಂಡು ಓದು, ನಿನ್ನ ಅಭ್ಯಾಸದಂತೆ ಕೊನೆಯ ಸಾಲು ಮೊದಲು ಓದಬೇಡ.

ಹದಿನಾಲ್ಕನೇ ತಾರೀಖು ನೀನು ಅಮರಗೋಳದಲ್ಲಿ ಕೆಲಸಕ್ಕೆ ಹಾಜರಾಗಬೇಕು. ಇರುವುದೆಲ್ಲಿ ಎಂಬುದೇ ನಮ್ಮ ಜಗಳವಾಗಿತ್ತು. ನಮ್ಮಲ್ಲೇ ಇರು ಎಂದರೆ ಕೇಳಲಿಲ್ಲ. ಸ್ಯಾಮ್ಸನ್ ಕಾಕಾನ ಮಕ್ಕಳು ನಿನ್ನ ಹಾಸಿಗೆಯ ಮೇಲೆಯೇ ಪಾಠ ಓದುತ್ತಾರೆ, ಮೊದಲ ಸಂಬಳ ಬಂದಮೇಲೆ ನಿನಗೆ ನಿನ್ನದೇ ಬೀಗದ ಕೈ ಬೇಕು. ಸರಿ. ನಿನ್ನ ಮನಸ್ಸು ಹುಬ್ಬಳ್ಳಿ ಪೇಟೆಯ ಮೇಲಿತ್ತು, ನನ್ನ ಮನಸ್ಸು ಸತ್ತೂರಿನ ಮೇಲಿತ್ತು. ಎರಡೂ ನೋಡಿ ಹೇಳು ಅಜ್ಜಿ ಎಂದು ನೀನೇ ಒಪ್ಪಿಸಿದೆ. ಕುರಿ ಕಾಯಲು ತೋಳನನ್ನು ನೇಮಿಸಿದಂತೆ ಆಯಿತು ನಿನ್ನ ಕೆಲಸ.

ಹುಬ್ಬಳ್ಳಿಗೆ ಸ್ಯಾಮ್ಸನ್‌ನ ಸ್ಕೂಟರಿನಲ್ಲಿ ಹೋದೆ. ದುರ್ಗದಬೈಲಿನ ಹಿಂದಿನ ಓಣಿ, ಪಾತ್ರೆ ಅಂಗಡಿಯ ಮೇಲೆ ಎರಡನೇ ಮಹಡಿ. ನಡೆಸುವವರು ಶಹಜಹಾನಬೇಗಂ, ದಪ್ಪ ಗಾಜಿನ ಕನ್ನಡಕದ ದೊಡ್ಡ ಹೆಂಗಸು. “ಬರ್ರಿ ಅಮ್ಮಾರ, ಮೆಟ್ಟಲಾ ಭಾಳ ಆತು, ಮೊದಲ ಕುಂದರ್ರಿ” ಎಂದು ನನಗೆ ಶರಬತ್ತು ಕೊಟ್ಟರು. ಕೋಣೆಗೆ ಇಬ್ಬರು ಹುಡುಗಿಯರು. ಕಿಟಕಿ ತೆರೆದರೆ ಪಾತ್ರೆಯ ಸದ್ದು, ಮುಚ್ಚಿದರೆ ಎದುರಿನ ಗಿರಮಿಟ್ಟಿನ ಗಾಡಿಯ ವಾಸನೆ. ನಿನಗೆ ಹೇಳಿದಾಗ ನಾನು ಸದ್ದನ್ನು ದೊಡ್ಡದು ಮಾಡಿ ಹೇಳಿದೆ, ಶರಬತ್ತನ್ನು ಬಿಟ್ಟುಬಿಟ್ಟೆ. ಖರೇ ಹೇಳಬೇಕೆಂದರೆ ಆ ಹುಡುಗಿಯರು ಒಬ್ಬರ ಜಡೆ ಒಬ್ಬರು ಹಾಕುತ್ತ ನಗುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಇಲ್ಲಿಗೆ ಬಂದರೆ ಇವಳು ಮಾಳಮಡ್ಡಿಯ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಸತ್ತೂರಾದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಇತ್ತ ನಾನು, ಅತ್ತ ನಿನ್ನ ಕಚೇರಿ.

ಸತ್ತೂರಿನ ಮನೆ ಆಸ್ಪತ್ರೆಯಿಂದ ಒಳಗೆ, ಹೊಸ ಲೇಔಟಿನಲ್ಲಿದೆ. ಅರ್ಧಕ್ಕರ್ಧ ಪ್ಲಾಟು ಖಾಲಿ, ಕಲ್ಲು ನೆಟ್ಟು ಬಿಟ್ಟಿದ್ದಾರೆ, ನಡುವೆ ಮಣ್ಣಿನ ರಸ್ತೆ. ಕೆಳಗಡೆ ಮನೆಯೊಡತಿ ಶಿವಲಿಂಗವ್ವ, ಹಣೆ ತುಂಬ ವಿಭೂತಿ, ಮಾತು ಮೆತ್ತಗೆ. ಮೇಲಿನ ಮನೆ ಬಾಡಿಗೆಗೆ. ಗಾಳಿ, ಬೆಳಕು, ತೊಳೆದಿಟ್ಟಂಥ ನೆಲ. ನನಗೆ ಅಲ್ಲಿಯೇ ತೀರ್ಮಾನವಾಗಿಹೋಯಿತು, ನಿನ್ನನ್ನು ಕೇಳುವ ಗೊಡವೆಗೇ ಹೋಗಲಿಲ್ಲ. ನನ್ನ ಮೊಮ್ಮಗಳು ಜುಲೈ ನಡುವೆ ಬರುತ್ತಾಳೆ ಎಂದೆ. ಶಿವಲಿಂಗವ್ವನ ಮುಖ ಸಣ್ಣದಾಯಿತು. “ಅದು ಆಷಾಢ ಆಗತದಲ್ರಿ ಅಕ್ಕಾರ. ಆಷಾಢದಾಗ ಹೊಸ ಮನಿ ಹೊಗಬಾರದು. ಮಣ್ಣೆತ್ತಿನ ಅಮವಾಸಿ ಇನ್ನೂ ಬಂದಿಲ್ಲ, ಈಗ ಹಾಲ ಉಕ್ಕಿಸಿಬಿಟ್ರ ಆಕಿ ಬಂದಂಗನ ಆತು” ಎಂದಳು. ನಮಗೆ ಆಷಾಢವೂ ಇಲ್ಲ, ಅಮಾವಾಸ್ಯೆಯೂ ಇಲ್ಲ ಎಂದು ಹೇಳಬೇಕಿತ್ತು. ಆದರೆ ನೂರು ಊರು ತಿರುಗಿದರೂ ಸಿಗದ ಮನೆ, ಅವರ ಪದ್ಧತಿಗೆ ಬೇಡವೆಂದರೆ ಕೈತಪ್ಪೀತು ಎಂಬ ಅಂಜಿಕೆ. ಹೂಂ ಎಂದೆ.

ಮೇಲಿನ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿದಳು. ಅದರ ಮುಂದೆ ಒಂದು ಮಣೆ ಹಾಕಿ, “ಆಕೀದು ಒಂದು ಅರಿವಿ ಇದ್ರ ಇಡ್ರಿ, ಖಾಲಿ ಮಣಿ ಇರಬಾರದು” ಎಂದಳು. ಸ್ಕೂಟರಿನ ಗಾಳಿಗೆಂದು ಕಿವಿಗೆ ಸುತ್ತಿಕೊಂಡಿದ್ದು ನಿನ್ನ ನೇರಳೆ ಓಢಣಿಯನ್ನೇ. ಅದನ್ನೇ ಮಡಚಿ ಮಣೆಯ ಮೇಲಿಟ್ಟೆ. ಹಾಲು ಮೇಲೇರುವಾಗ “ಹೆಸರ ಹೇಳ್ರಿ” ಎಂದಳು. ನಿನ್ನ ಹೆಸರು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ, ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ. ಹಾಲು ಉಕ್ಕಿತು. ಒಂದು ಲೋಟ ಹಾಲನ್ನು ಓಢಣಿಯ ಮುಂದಿಟ್ಟು ಅವಳು ನನಗೆ ಗಚ್ಚಿ ತೋರಿಸಲು ಕರೆದುಕೊಂಡು ಹೋದಳು. ಇಳಿದು ಬಂದಾಗ ಲೋಟ ಖಾಲಿಯಾಗಿತ್ತು. ಬೆಕ್ಕಿರಬೇಕು ಎಂದೆ. ಶಿವಲಿಂಗವ್ವ ಲೋಟವನ್ನು ತೊಳೆದು ಬೋರಲು ಹಾಕಿದಳು. ಓಢಣಿ ಅಲ್ಲೇ ಇರಲಿ ಎಂದಳು, ಬಿಟ್ಟು ಬಂದೆ.

ಅಮಾವಾಸ್ಯೆ ಕಳೆದ ಮರುದಿನ ಅವಳ ಫೋನ್ ಬಂತು. “ನಿಮ್ಮ ಮೊಮ್ಮಗಳು ಭಾಳ ಶಾಂತ ಅದಾಳ್ರಿ ಅಕ್ಕಾರ, ಇದ್ದದ್ದ ಗೊತ್ತಾಗೂದಿಲ್ಲ.” ನಾನು ನಕ್ಕೆ. ಶಾಂತ ಎಂಬ ಮಾತಿಗೇ ಅದು ನೀನಲ್ಲ ಎಂದು ತಿಳಿಯಬೇಕಿತ್ತು. ಯಾರನ್ನೋ ನೋಡಿ ಯಾರೋ ಎಂದುಕೊಂಡಿದ್ದಾಳೆ ಎಂದು ಮಧ್ಯಾಹ್ನ ಬಸ್ಸು ಹತ್ತಿ ಹೋದೆ. ಮೇಲಿನ ಮನೆಗೆ ಬೀಗ. ಶಿವಲಿಂಗವ್ವ ತನ್ನ ಬೀಗದ ಕೈ ತಂದು ತೆಗೆದಳು. ಮಣೆಯ ಮೇಲೆ ಓಢಣಿ ಇರಲಿಲ್ಲ. ಬಚ್ಚಲಿನ ನೆಲ ಹಸಿಯಾಗಿತ್ತು. ಮನೆ ತುಂಬ ಮೆಂತ್ಯದ ಎಣ್ಣೆಯ ವಾಸನೆ, ಮೆರ್ಲಿನ್, ನಾನು ಕಾಸುವ ಎಣ್ಣೆಯದು, ಕರಿಬೇವು ತುಸು ಸೀದಂಥದು. ಹೊರಗೆ ಕಾಯಿಪಲ್ಲೆ ಮಾರುವ ಸತ್ಯವ್ವ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಫೋನಿನಲ್ಲಿದ್ದ ನಿನ್ನ ಫೋಟೋ ತೋರಿಸಿದೆ. “ಇಕೀನರೀ. ನೇರಳಿ ಓಢಣಿ ಹೊದ್ಕೊಂಡು ಮುಂಜಾನಿ ಅಮರಗೋಳದ ಕಡೆ ಹೋಗತಾಳ, ಸಂಜಿಗೆ ಬರತಾಳ. ಏನರ ಕೇಳಿದ್ರ ನಗತಾಳ ಅಷ್ಟ” ಎಂದಳು.

ಅಲ್ಲೇ ಬಸ್ ನಿಲ್ದಾಣದಲ್ಲಿ ನಿಂತು ನಿನಗೆ ಫೋನ್ ಮಾಡಿದೆ. ನೀನು ಎತ್ತಿದೆ. “ಹೂಂ ಅಜ್ಜಿ, ಸತ್ತೂರ ಮನಿ ಛಲೋ ಐತಿ, ನೀ ಹೇಳಿದಂಗನ ಮಾಡತೇನಿ” ಎಂದೆ. ನಿನ್ನದೇ ದನಿ. ಹಿಂದೆ ಬಸ್ಸಿನೊಳಗಿನ ಹೆಣ್ಣುದನಿ ಕೇಳಿಸಿತು, ಮುಂದಿನ ನಿಲ್ದಾಣ ಸತ್ತೂರು ಎಂದು. ಕೊಯಮತ್ತೂರಿನಲ್ಲಿ ಯಾವ ಬಸ್ಸು ಹಾಗೆ ಕೂಗುತ್ತದೆ? ನಾನು ಆ ಬಸ್ಸು ಬರುವವರೆಗೆ ನಿಲ್ಲಲಿಲ್ಲ, ಕೈ ಮಾಡಿ ಆಟೋ ಹತ್ತಿ ಮನೆಗೆ ಬಂದುಬಿಟ್ಟೆ. ಆವತ್ತಿನಿಂದ ನಾನು ಆ ನಂಬರಿಗೆ ಫೋನ್ ಮಾಡಿಲ್ಲ. ಸ್ಯಾಮ್ಸನ್ ಒಂದು ಮೆಸೇಜು ಕಳಿಸಿದ, ಎಲ್ಲಿದ್ದೀ ಎಂದು. ಮನೆಯಲ್ಲೇ ಎಂದು ಉತ್ತರ ಬಂತು. ನಿನ್ನನ್ನು ಮುಟ್ಟಲು ನನ್ನ ಬಳಿ ಈಗ ಉಳಿದಿರುವುದು ಹಾಸ್ಟೆಲಿನ ವಿಳಾಸವೊಂದೇ.

ಭಾನುವಾರ ಚರ್ಚಿನಿಂದ ಬಂದು ಸೀರೆ ಬದಲಿಸುವಷ್ಟರಲ್ಲಿ ಬಾಗಿಲಲ್ಲಿ ನೀನು ನಿಂತಿದ್ದೆ. ನೀನು ಎಂದೇ ಬರೆದೆ, ಅದಕ್ಕೆ ಬೇರೆ ಹೆಸರು ಗೊತ್ತಿಲ್ಲ. ಹೊರಗೆ ಜಿಟಿಜಿಟಿ ಮಳೆ, ಚಪ್ಪಲಿ ಒಣಗಿದ್ದವು. ಸ್ಯಾಮ್ಸನ್ ಸಂತೋಷದಿಂದ ಯಾವಾಗ ಬಂದೆ ಎಂದು ಕೇಳಿದ, ಮಕ್ಕಳು ಕೊರಳಿಗೆ ಜೋತುಬಿದ್ದರು. ಸಂಡೇ ಸ್ಕೂಲಿನಲ್ಲಿ ನಿನಗೆ ಕಲಿಸಿದ ಪ್ರಾರ್ಥನೆ ಹೇಳೆಂದೆ, ತಪ್ಪಿಲ್ಲದೆ ಹೇಳಿತು. ನೀನಾದರೆ ನಡುವೆ ಒಂದು ಸಾಲು ಯಾವಾಗಲೂ ನುಂಗುತ್ತೀ. ಊಟ ಬೇಡವೆಂದು ಒಂದು ಲೋಟ ಹಾಲು ಕುಡಿಯಿತು. ಆಮೇಲೆ ನನ್ನ ಕಾಲ ಬಳಿ ಕೂತು ಮೊಣಕಾಲು ಒತ್ತಿತು. ನಿನ್ನ ಅಜ್ಜನಿಗೆ ನನ್ನನ್ನು ಹೆಣ್ಣು ಕೇಳಲು ಬಂದವರ ಕಥೆಯನ್ನು, ನೀನು ಸಾಕು ಸಾಕು ಎಂದು ಕಿವಿ ಮುಚ್ಚಿಕೊಳ್ಳುವ ಕಥೆಯನ್ನು, ಕಡೆಯವರೆಗೆ ಕೇಳಿತು. ಹುಬ್ಬಳ್ಳಿ ಬೇಡ ಎಂದರೆ ಬೇಡ ಎಂದಿತು, ಕೂದಲು ಕತ್ತರಿಸಬೇಡ ಎಂದರೆ ಇಲ್ಲ ಎಂದಿತು. ಒಂದೇ ಒಂದು ಮಾತಿಗೂ ಎದುರಾಡಲಿಲ್ಲ. ನನಗೆ ಬೆನ್ನು ತಣ್ಣಗಾದದ್ದು ಅದಕ್ಕೆ.

ಸೋಮವಾರ ಶಿವಲಿಂಗವ್ವನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡೆ. ಇದನ್ನು ಹೇಗಾದರೂ ತಿರುಗಿಸಿ ಎಂದೆ. ಅವಳು ನನ್ನ ಕೈ ಹಿಡಿದು, ಪಾಪ, ಮರುಕದಿಂದಲೇ ಹೇಳಿದಳು: “ಉಕ್ಕಿದ ಹಾಲು ಹೊಳ್ಳಿ ಗಡಗಿಗೆ ಹೋಗತದೇನ್ರಿ? ಇದಕ್ಕ ಮೊದಲ ಯಾರೂ ಬಾರದವರ ಹೆಸರು ಹೇಳಿ ಉಕ್ಕಿಸಿದ್ದಿಲ್ಲ, ನನಗೂ ತಿಳಿದಿದ್ದಿಲ್ಲ. ಈಗ ಮ್ಯಾಲೆ ಆಕಿ ಅದಾಳ. ಇನ್ನೊಬ್ಬಾಕಿ ಬಂದ್ರ ಆಕೀಗೆ ಜಾಗಾ ಎಲ್ಲೈತ್ರಿ?” ಆ ಮಾತು ಕೇಳಿದಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ಮಾಡಿದ್ದು ನಾನು, ಉಣ್ಣುವ ಸರದಿ ನಿನಗೆ ಬಾರದಿರಲಿ.

ಆದ್ದರಿಂದ ಅಜ್ಜಿಯ ಮಾತು ಕೇಳು, ಇದೊಂದು ಸಲ ಎದುರಾಡಬೇಡ. ನೀನು ಹುಬ್ಬಳ್ಳಿಯಲ್ಲೇ ಇರಬೇಕು. ಶಹಜಹಾನಬೇಗಂ ಅವರಿಗೆ ಹೇಳಿದ್ದೇನೆ, ಕಿಟಕಿಯ ಕಡೆಯ ಮಂಚ ನಿನ್ನದು. ಹುಬ್ಬಳ್ಳಿಯಲ್ಲಿ ರೈಲು ಇಳಿದು ನೇರ ಅಲ್ಲಿಗೆ ಹೋಗು. ಸತ್ತೂರಿನ ನಿಲ್ದಾಣದಲ್ಲಿ ಇಳಿಯಬೇಡ, ನನ್ನನ್ನು ನೋಡಲು ಬರುವಾಗಲೂ ಬಸ್ಸಿನ ಆ ಕಡೆಯ ಕಿಟಕಿಗೆ ಕೂರಬೇಡ. ಪಾತ್ರೆಯ ಸದ್ದಿನಲ್ಲಿ, ಜಡೆ ಎಳೆಯುವ ಗೆಳತಿಯರ ನಡುವೆ ಇರು. ಕಾಗದ ಮುಟ್ಟಿದ ಕೂಡಲೇ ನಿನ್ನ ಕೈಯಿಂದ ಎರಡು ಸಾಲು ಬರೆದು ಕಳಿಸು. ಬೈದು ಬರೆದರೂ ಸರಿ, ಬೈದರೆ ಇನ್ನೂ ಒಳ್ಳೆಯದು.

ಹಾಸ್ಟೆಲಿನ ವಾರ್ಡನ್ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ.

ನಿನ್ನ ಹಠಮಾರಿ
ಎಸ್ತರಜ್ಜಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ಸಂಜೆ. ಭಾನುವಾರದಿಂದ ಅದು ದಿನಾಲೂ ಬರುತ್ತಿದೆ, ಇದನ್ನು ಮೇಲೆ ಬರೆಯಲು ನಾಚಿಕೆಯಾಯಿತು. ಈಗಲೂ ಬಂದಿದೆ, ಒಳಗೆ ಲೋಟ ತೊಳೆಯುತ್ತಿದೆ. ಕಾಗದ ಕೊಡು ಅಜ್ಜಿ, ಹೋಗುವಾಗ ಡಬ್ಬಿಗೆ ಹಾಕುತ್ತೇನೆ ಎನ್ನುತ್ತಿದೆ. ಕೊಡುವುದಿಲ್ಲ, ನಾನೇ ಅಂಚೆಕಚೇರಿಗೆ ಹೋಗುತ್ತೇನೆ. ಮಗಳೇ, ಲಗೂ ಬಾ. ಇವತ್ತು ಅದು ಬರುವುದು ತುಸು ತಡವಾಯಿತು. ಮಳೆಯಲ್ಲಿ ಗೇಟಿನವರೆಗೆ ಹೋಗಿ ದಾರಿ ನೋಡುತ್ತ ನಿಂತಿದ್ದೆ. ನಾನು ಕಾಯುತ್ತಿದ್ದದ್ದು ನಿನಗಾಗಿ ಅಲ್ಲ.