ದಂತವೈದ್ಯರ ಬತ್ತಳಿಕೆಗೆ ಕೆಲವು ಮಾತುಗಳು

ಸಾರ್ವಶ್‌ಕೂತ್,
ಆಗಸ್ಟ್ 29, ಶುಕ್ರವಾರ

ಪ್ರೀತಿಯ ಶಾರೋಲ್ತಾಳಿಗೆ (ಈ ‘ಪ್ರೀತಿಯ’ ಎಂಬುದನ್ನು ಬರೀ ಪತ್ರದ ಶಿಷ್ಟಾಚಾರ ಎಂದುಕೊಂಡರೂ ಸರಿ, ಹಾಗಲ್ಲ ಎಂದುಕೊಂಡರೂ ಸರಿ),

ನಿನ್ನ ಚೀಟಿಯನ್ನು ಇಗ್ನಾತ್ಸ್ ತಾತ ತಂದುಕೊಟ್ಟರು. ನೀನು ಈ ಮನೆ ಬಿಟ್ಟು ಎರಡೂವರೆ ವರ್ಷವಾದ ಮೇಲೆ ಬಂದ ಮೊದಲ ಬರಹ. ಒಟ್ಟು ಆರು ಸಾಲು. ನಾಲ್ಕರಲ್ಲಿ ಹಲ್ಲಿನ ಡಾಕ್ಟರು, ಒಂದರಲ್ಲಿ ನಿನ್ನ ಸಹಿ, ಉಳಿದ ಒಂದರಲ್ಲಿ ಬೆದರಿಕೆ. ಸಾರಾಂಶ ನಾನು ತಿಳಿದ ಹಾಗೆ ಇಷ್ಟು: ಡಾ. ರೋಲಾಂಡ್ ಬೊಡ್ನಾರ್ ನಮ್ಮ ಬೇಟೆ ಸಂಘಕ್ಕೆ ಸೇರಬೇಕು. ಅದಕ್ಕೆ ಇಬ್ಬರು ಹಳೆಯ ಸದಸ್ಯರ ಶಿಫಾರಸು ಬೇಕು. ತಾತ ಸಹಿ ಹಾಕಿ ಆಯಿತು, ಇನ್ನೊಬ್ಬ ನಾನು. ಬರುವ ಬುಧವಾರ ಹಿರಿಯರು ಡಾಕ್ಟರನ್ನು ಎದುರು ಕೂರಿಸಿಕೊಂಡು ಬೇಟೆಯ ಮಾತುಗಳನ್ನು ಕೇಳುತ್ತಾರೆ. ಅವನ್ನು ಹೊಸಬರಿಗೆ ತಿಳಿಯುವ ಹಾಗೆ ನಾನು ಬರೆದುಕೊಡಬೇಕು. ಸಹಿ ಹಾಕಲು ಮನಸ್ಸಿಲ್ಲದಿದ್ದರೆ ಬೇಸರವೇನಿಲ್ಲ, ಗುಡ್ಡದಾಚೆಯ ಸಂಘದವರು ಡಾಕ್ಟರಿಗೂ, ಬೋದ್ಜಾಗೂ, ನಿನಗೂ ಜಾಗ ಕೊಡುತ್ತಾರೆ.

ಮೂವರನ್ನೂ ಒಂದೇ ಸಾಲಿನಲ್ಲಿ ಹೊಂದಿಸಿದ್ದೀಯ. ನಡುವೆ ನಾಯಿ ಕೂತಿದೆ ಎಂಬುದಷ್ಟೇ ನನಗೆ ಸಮಾಧಾನ.

ಇರಲಿ. ಕೆಲಸಕ್ಕೆ ಬರೋಣ. ನಾನು ಕೆಳಗೆ ಗೆರೆ ಎಳೆದಿರುವ ಮಾತುಗಳನ್ನು ಡಾಕ್ಟರಿಗೆ ಓದಿ ಹೇಳು. ಗೆರೆ ಇಲ್ಲದ್ದು ನಿನಗೆ ಮಾತ್ರ.

ಮೊದಲು ಜಿಂಕೆ. ನಮ್ಮ ಕಾಡಿನ ದೊಡ್ಡ ಕೆಂಜಿಂಕೆಯಲ್ಲಿ ಗಂಡನ್ನು ಗೂಳಿ ಎನ್ನಬೇಕು, ಹೆಣ್ಣನ್ನು ಹಸು, ಮರಿಯನ್ನು ಕರು. ಪುಟ್ಟದಾದ ಕಿರುಜಿಂಕೆಯಲ್ಲಿ ಗಂಡು ಹೋತ. ಹಿರಿಯರ ಮುಂದೆ ‘ಗಂಡು ಜಿಂಕೆ’ ಎಂದರೆ ಅರ್ಧ ಅಂಕ ಅಲ್ಲೇ ಹೋಯಿತು. ಡಾಕ್ಟರು ಆರು ವಾರ ನನ್ನ ಬೇಟೆ ತರಗತಿಯ ಕೊನೆಯ ಬೆಂಚಿನಲ್ಲಿ ಕೂತಿದ್ದವರು, ಇದನ್ನು ನಾನು ಮೊದಲ ದಿನವೇ ಹೇಳಿದ್ದೆ. ಆಗ ಅವರು ಕೈ ಎತ್ತಿ, “ಸಾರ್, ಹಸು ಅಂದ್ರಲ್ಲ, ಬೆಳಿಗ್ಗೆ ಎಷ್ಟು ಲೀಟರ್ ಕೊಡುತ್ತೆ?” ಎಂದು ಕೇಳಿದ್ದರು. ತರಗತಿಯೆಲ್ಲ ನಕ್ಕಿತು. ಮೂರ್ಖ ಪ್ರಶ್ನೆ ಎಂದು ನಾನೂ ನಗುತ್ತಿದ್ದೆ, ಕಿಟಕಿಯಾಚೆ ಬೋದ್ಜಾಳ ಹಗ್ಗ ಹಿಡಿದು ನಿಂತಿದ್ದ ನೀನೂ ನಗುತ್ತಿರುವುದು ಕಾಣುವವರೆಗೆ. ನನ್ನ ತರಗತಿಗೆ ಅಷ್ಟು ಹತ್ತಿರ ನೀನು ಬಂದದ್ದು ಬಹಳ ದಿನದ ಮೇಲೆ. ನಗಿಸಿದ್ದು ಮಾತ್ರ ಕೊನೆಯ ಬೆಂಚು.

ಇನ್ನು ಕವಲುಗೊಂಬು. ದನದ ಕೊಂಬು ಮೂಡಿದರೆ ಸಾಯುವವರೆಗೂ ತಲೆಯ ಮೇಲಿರುತ್ತದೆ. ಗೂಳಿಯ ಕವಲುಗೊಂಬು ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತದೆ. ಎರಡನ್ನೂ ಬರೀ ಕೊಂಬು ಎನ್ನಬಾರದು. ಮೊನ್ನೆ ಶಿಫಾರಸಿನ ಫಾರಂ ಕೈಗೆ ಬಂದಾಗ ನಾನು ರೇಗಿ, “ನಿಮ್ಮ ಡಾಕ್ಟರಿಗೇನು ಎರಡು ಕೊಂಬು ಬಂದಿದ್ಯಾ, ಇಷ್ಟು ಅವಸರ ಮಾಡೋಕೆ?” ಎಂದು ತಾತನನ್ನು ಕೇಳಿದೆ. ತಾತ ಪೈಪು ಬಾಯಿಂದ ತೆಗೆಯದೆ, “ಅವನ ತಲೆ ಯಾರು ನೋಡ್ತಾರಪ್ಪ, ಊರೆಲ್ಲಾ ನಿನ್ನ ತಲೆ ನೋಡ್ತಿದೆ” ಅಂದರು. ಹೆಂಡತಿ ಇನ್ನೊಬ್ಬನ ಜೊತೆ ಓಡಾಡಿದರೆ ಗಂಡನ ತಲೆಯಲ್ಲಿ ಕೊಂಬು ಮೂಡುತ್ತದೆ ಎಂಬುದು ನಮ್ಮೂರಿನ ಜೀವಶಾಸ್ತ್ರ. ವೈನ್ ಅಂಗಡಿಯ ಲೆಕ್ಕದಲ್ಲಿ ನನ್ನದು ಈಗ ಹತ್ತು ಕವಲಿಗೆ ಬಂದಿದೆಯಂತೆ.

ಕೂಗುಗಾಲ ಎಂದರೆ ಸೆಪ್ಟೆಂಬರು, ಬೆದೆಯ ತಿಂಗಳು. ಗೂಳಿಗಳು ಮೇವು ಬಿಟ್ಟು, ನಿದ್ದೆ ಬಿಟ್ಟು, ಇನ್ನೊಂದು ಗೂಳಿ ಯಾವ ಕಣಿವೆಯಲ್ಲಿ ಕೂಗಿತು ಎಂದು ಕಿವಿ ನಿಮಿರಿಸಿಕೊಂಡು ಅಲೆಯುವ ಕಾಲ. ಈ ಅಲೆದಾಟದಲ್ಲಿ ಪಕ್ಕೆಲುಬು ಕಾಣುವಷ್ಟು ಸೊರಗುತ್ತವೆ. ಇದನ್ನು ವಿವರಿಸಲು ಈಗ ಜಿಲ್ಲೆಯಲ್ಲಿ ನನಗಿಂತ ಅರ್ಹರಿಲ್ಲ. ನನ್ನ ಬೆಲ್ಟಿಗೆ ಎರಡು ಹೊಸ ತೂತು ಹೊಡೆಸಿದ್ದೇನೆ.

ಬಿಲ್ಲಿಗೆ ಬರುತ್ತೇನೆ. ಹೆದೆಯನ್ನು ಪೂರ್ತಿ ಎಳೆದಾಗ ಕೈ ಕೆನ್ನೆಯ ಯಾವ ಜಾಗಕ್ಕೆ ತಾಗುತ್ತದೋ ಅದಕ್ಕೆ ಆಸರೆ ಎಂದು ಹೆಸರು. ಪ್ರತಿ ಸಲವೂ ಅದೇ ಜಾಗಕ್ಕೆ ತಾಗಬೇಕು. ಒಂದು ಬೆರಳು ಆಚೀಚೆಯಾದರೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಾಣ ಒಂದು ಗೇಣು ತಪ್ಪುತ್ತದೆ. ಡಾಕ್ಟರ ಆಸರೆ ಒಂದು ಸಲ ತುಟಿ, ಒಂದು ಸಲ ಕಿವಿ, ಒಂದು ಸಲ ಕನ್ನಡಕ. ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ನಿನ್ನ ಮನೆಯ ಹಿಂದಿನ ಹುಲ್ಲುಗಾವಲು ನಮ್ಮ ಬೀಚ್ ಮರಗಳ ದಿಣ್ಣೆಯಿಂದ ಚೆನ್ನಾಗಿ ಕಾಣುತ್ತದೆ. ದುರ್ಬೀನು ತೆಗೆದುಕೊಂಡು ಹೋದದ್ದು ಮರಗಳಿಗೆ ಹುಳ ಹತ್ತಿದೆಯೇ ಎಂದು ನೋಡಲು.

ಹುಳ ಹತ್ತಿದ್ದು ನನಗೆ. ನೀನು ಅವರ ಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದೆ. “ಮೇಲೆ, ಮೇಲೆ! ಗುಬ್ಬಿ ಓಡಿಸೋ ಕೈ ಅಲ್ಲ ಇದು, ಬಾಗಿಲು ತಳ್ಳೋ ಕೈ!” ಎಂದು ಕೂಗುತ್ತಿದ್ದೆ. ಗಾಳಿ ನನ್ನ ಕಡೆಗೇ ಇತ್ತು, ಅಕ್ಷರ ಅಕ್ಷರವೂ ಕೇಳಿಸಿತು. ಶಾರಿ, ಆ ಮಾತು ನನ್ನದು. ಮದುವೆಯಾದ ವರ್ಷ ನಿನಗೆ ಬಿಲ್ಲು ಹಿಡಿಸಿದಾಗ ನಾನು ಹೇಳಿದ್ದು. ಮೊಣಕೈ ಹಿಡಿದದ್ದನ್ನು ಹೇಗೋ ಸಹಿಸಿದೆ. ನನ್ನ ಮಾತನ್ನು ಎತ್ತಿ ಅವರಿಗೆ ಕೊಟ್ಟದ್ದಕ್ಕೆ ಎರಡು ದಿನ ಊಟ ಸೇರಲಿಲ್ಲ.

ಗುರುವಾರ ಗುರುವಾರ ಅವರ ಬೆಳ್ಳಿ ಬಣ್ಣದ ಕಾರು ನಿನ್ನ ಬಾಗಿಲಲ್ಲಿ ನಿಲ್ಲುತ್ತದೆಂದು ತಾತನ ಹತ್ತಿರ ಹೇಳಿಕೊಂಡೆ. “ಗುರುವಾರ ಅವಳ ನಾಯಿ ತರಗತಿ ಅಲ್ವೇನೋ? ಎಷ್ಟು ಕಾರು ನಿಂತಿತ್ತು ಹೇಳು ನೋಡೋಣ” ಅಂದರು. ಎಂಟು. ಎಂಟೂ ಕಾರು ನೋಡಿದ್ದೇನೆ, ಎಣಿಸಿದ್ದು ಒಂದನ್ನೇ.

ನಾಯಿಯ ಮಾತು ಹೇಳುತ್ತೇನೆ, ಇವು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಗುರುತು ಎಂದರೆ ಹಕ್ಕಿ ಎಲ್ಲಿ ಬಿತ್ತು ಎಂದು ನಾಯಿ ಕಣ್ಣಿನಲ್ಲೇ ಹಿಡಿದಿಟ್ಟುಕೊಳ್ಳುವುದು. ತಾಳ್ಮೆ ಎಂದರೆ ಬಿದ್ದದ್ದು ಕಂಡರೂ, ಮೈಯೆಲ್ಲ ನಡುಗುತ್ತಿದ್ದರೂ, ‘ಹೋಗು’ ಎನ್ನುವವರೆಗೆ ಕೂತೇ ಇರುವುದು. ಮೆತ್ತನೆ ಬಾಯಿ ಎಂದರೆ ಎತ್ತಿ ತಂದದ್ದರ ಮೇಲೆ ಒಂದು ಹಲ್ಲಿನ ಗುರುತೂ ಬೀಳದಿರುವುದು. ಬೋದ್ಜಾ ಮರಿಯಾಗಿದ್ದಾಗ ನೀನು ಅವಳ ಬಾಯಿಗೆ ಹಸಿ ಮೊಟ್ಟೆ ಕೊಟ್ಟು ಅಂಗಳದ ಆ ತುದಿಯಿಂದ ನನ್ನ ಹತ್ತಿರ ಕಳಿಸುತ್ತಿದ್ದೆ. ಸಿಪ್ಪೆಗೆ ಗೀರೂ ಇಲ್ಲದೆ ತಂದು ನನ್ನ ಅಂಗೈಯಲ್ಲಿಡುತ್ತಿದ್ದಳು. ಅದನ್ನೇ ಈರುಳ್ಳಿ, ಕೆಂಪು ಮೆಣಸಿನಪುಡಿ ಹಾಕಿ ಬಾಡಿಸಿ ನಾವಿಬ್ಬರೂ ತಿನ್ನುತ್ತಿದ್ದೆವು. ಬಾಯಿಯೊಳಗಿನದನ್ನು ನೋಯಿಸದೆ ಹೊರಗೆ ತರುವ ಈ ವಿದ್ಯೆಯನ್ನು ಡಾಕ್ಟರು ನಾಯಿಯಿಂದ ಕಲಿತರೆ ಅವರ ದವಾಖಾನೆಗೂ ಒಳ್ಳೆಯದು. ಹೋದ ವರ್ಷ ನನ್ನ ದವಡೆ ಹಲ್ಲು ಕಿತ್ತವರು ಅವರೇ. ಆಗ ನಾನು ಅವರನ್ನು ಒಳ್ಳೆಯವರು ಎಂದುಕೊಂಡಿದ್ದೆ.

ಇಲ್ಲಿಗೆ ಮುಗಿಸಿ, ಫಾರಂ ಮರೆತುಹೋಯಿತು ಎಂಬ ನೆಪ ಮಾಡಿ, ಪತ್ರ ಮಾತ್ರ ಕಳಿಸುವುದೆಂದು ನಿನ್ನೆ ಲಕೋಟೆ ಅಂಟಿಸಿಯೂ ಆಗಿತ್ತು. ಇವತ್ತು ಬೆಳಿಗ್ಗೆ ಹರಿದೆ. ಇಲ್ಲಿಂದ ಮುಂದೆ ಗೆರೆ ಎಳೆದಿಲ್ಲ.

ಎರಡು ಮಾತು ಬಿಟ್ಟಿದ್ದೇನೆ. ಒಂದು, ಕಾಯುವ ಹೊತ್ತು. ಬಾಣ ತಾಗಿದ ಮೇಲೆ ಬೇಟೆಗಾರ ಕೂತ ಜಾಗದಿಂದ ಏಳಬಾರದು. ನೆಲದ ಮೇಲಿನ ರಕ್ತ ತಿಳಿಗೆಂಪಾಗಿ ನೊರೆನೊರೆಯಾಗಿದ್ದರೆ ಅರ್ಧ ಗಂಟೆ ಸಾಕು. ಕಪ್ಪಗಿದ್ದರೆ, ವಾಸನೆಯಿದ್ದರೆ, ಬಾಣ ಹೊಟ್ಟೆಯ ಕಡೆ ಹೋಗಿದೆ ಎಂದರ್ಥ. ಆರು ಗಂಟೆ ಕಾಯಬೇಕು. ಬೇಗ ಎದ್ದುಹೋದರೆ ಮಲಗಿ ಪ್ರಾಣ ಬಿಡಬೇಕಾದ ಜೀವ ಎದ್ದು ಓಡುತ್ತದೆ, ನೋವಿನಲ್ಲಿ ಮೈಲುಗಟ್ಟಲೆ. ಇದನ್ನು ಪ್ರತಿ ವರ್ಷ ಮೂವತ್ತು ಜನರಿಗೆ ಪಾಠ ಮಾಡುತ್ತೇನೆ. ಮೂರು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ನನ್ನ ಹದಿನಾಲ್ಕು ಕವಲಿನ ಗೂಳಿಗೆ ಬಾಣ ಎದೆ ತಪ್ಪಿ ಹಿಂದಕ್ಕೆ ತಾಗಿತ್ತು. ಎಲೆಯ ಮೇಲಿನ ಕಪ್ಪು ನೋಡಿ ನೀನು, “ಮೇಷ್ಟ್ರೇ, ಕೂತ್ಕೊಳ್ಳಿ. ಮಧ್ಯಾಹ್ನದವರೆಗೂ ಏಳೋ ಹಾಗಿಲ್ಲ” ಅಂದೆ. ನಾನು ನಲವತ್ತು ನಿಮಿಷಕ್ಕೆ ಎದ್ದೆ. ಬೋದ್ಜಾ ಕೂತಿದ್ದಳು, ನಾನು ಕೂರಲಿಲ್ಲ. ಗೂಳಿ ಎರಡು ಕಣಿವೆ ದಾಟಿತು. ನೀನೂ ಅವಳೂ ಸಂಜೆ ನಾಲ್ಕರವರೆಗೆ ಮುಳ್ಳಿನಲ್ಲಿ ನುಗ್ಗಿ ಅದನ್ನು ಹುಡುಕಿದಿರಿ.

ಇನ್ನೊಂದು ಮಾತು, ಬೇಟೆಕುಡಿ. ಬಿದ್ದ ಪ್ರಾಣಿಯನ್ನು ಬಲ ಮಗ್ಗುಲಿಗೆ ಮಲಗಿಸಿ, ಹಿರಿಯರು ಓಕ್ ಮರದ ಹಸಿರು ಕುಡಿಯೊಂದನ್ನು ಗಾಯಕ್ಕೆ ಸೋಕಿಸಿ, ಟೋಪಿಯ ಮೇಲಿಟ್ಟು ಬೇಟೆಗಾರನಿಗೆ ಕೊಡುತ್ತಾರೆ. ಹುಡುಕಿಕೊಟ್ಟದ್ದು ನಾಯಿಯಾದರೆ ಬೇಟೆಗಾರ ಆ ಕುಡಿಯನ್ನು ಮುರಿದು ಒಂದು ಪಾಲನ್ನು ನಾಯಿ ಹಿಡಿದವರಿಗೆ ಕೊಡಬೇಕು. ಅವರು ಅದನ್ನು ನಾಯಿಯ ಕೊರಳಪಟ್ಟಿಗೆ ಸಿಕ್ಕಿಸುತ್ತಾರೆ.

ಅವತ್ತು ತಾತ ಕುಡಿ ಕೊಟ್ಟಾಗ ನೀನು ಎರಡು ಹೆಜ್ಜೆ ಆಚೆ ನಿಂತಿದ್ದೆ, ಮುಖವೆಲ್ಲ ಮುಳ್ಳು ಗೀರು. ಸುತ್ತ ನಿಂತವರೆಲ್ಲ “ಭಲೇ ಬೋದ್ಜಾ! ಭಲೇ ಶಾರಿ!” ಎನ್ನುತ್ತಿದ್ದರು. ಒಬ್ಬನಾದರೂ ಭಲೇ ವಿಲ್ಮೋಶ್ ಅನ್ನಲಿಲ್ಲ. ನಾನು ಇಡೀ ಕುಡಿಯನ್ನು ನನ್ನ ಟೋಪಿಗೆ ಸಿಕ್ಕಿಸಿಕೊಂಡೆ. ಸಂಘದ ಗೋಡೆಯ ಮೇಲಿರುವ ಫೋಟೋದಲ್ಲಿ ನಾನು, ಗೂಳಿ, ಕುಡಿ, ಮತ್ತು ಚೌಕಟ್ಟಿನ ಅಂಚಿನಲ್ಲಿ ಬೋದ್ಜಾಳ ಬಾಲ. ಐದು ತಿಂಗಳ ಮೇಲೆ ನೀನು ಪೆಟ್ಟಿಗೆ ಕಟ್ಟುವಾಗ ಹೇಳಿದ್ದು ನೆನಪಿದೆ: “ಕೂಗಾಡೋ ಗಂಡನ ಜೊತೆ ಬಾಳಬಹುದು. ನನ್ನ ಪಾಲನ್ನೂ ತನ್ನ ಟೋಪಿಗೆ ಸಿಕ್ಕಿಸ್ಕೊಳ್ಳೋನ ಜೊತೆ ಹೆಂಗಪ್ಪಾ?” ಊರಿನವರಿಗೆ ನಾನು ಹೇಳಿರುವ ಕಾರಣ ಹಾಸಿಗೆಯ ಮೇಲಿನ ನಾಯಿ ಕೂದಲು. ನೀನು ಇವತ್ತಿಗೂ ಯಾರಿಗೂ ಏನೂ ಹೇಳಿಲ್ಲ. ಹೇಳಿದ್ದರೆ ಜಗಳವಾಡಿಕೊಂಡು ಹಗುರಾಗುತ್ತಿದ್ದೆ.

ಆಮೇಲಿನ ಮೂರು ವರ್ಷವೂ ಬೇಟೆಕುಡಿಯ ಆ ಪುಟವನ್ನು ನಾನು ಪಾಠ ಮಾಡಿಲ್ಲ. ಪುಟ ತಿರುವುವಾಗ ಎರಡು ಹಾಳೆ ಒಟ್ಟಿಗೆ ತಿರುವುತ್ತೇನೆ.

ಹಾಗಾಗಿ ಹೋದ ಶನಿವಾರ ಡಾಕ್ಟರಿಗೆ ಅದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅತಿಥಿಯಾಗಿ ಬಂದು ಅವರು ಹೋತಕ್ಕೆ ಬಾಣ ಬಿಟ್ಟದ್ದು, ಬೋದ್ಜಾ ಜೊಂಡಿನೊಳಗೆ ಹುಡುಕಿ ತೋರಿಸಿದ್ದು, ಸಂಘದ ಕಾರ್ಯದರ್ಶಿ ಎಂಬ ನೆಪದಲ್ಲಿ ನಾನೂ ದಾಖಲೆ ಪುಸ್ತಕ ಹಿಡಿದು ನಿಂತಿದ್ದು ನಿನಗೆ ಗೊತ್ತೇ ಇದೆ. ಅವರು ಹೋತವನ್ನು ‘ಮೇಕೆ’ ಎಂದಾಗ ನನಗೆ ಹಬ್ಬ. ತಾತ ಟೋಪಿಯ ಮೇಲೆ ಕುಡಿ ಇಟ್ಟು ಚಾಚಿದರು. ಡಾಕ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದು ಪೂರ್ತಿ ನಂಗ್ಯಾಕೆ? ನಾನು ಮರದ ಮೇಲೆ ಕೂತಿದ್ದೆ ಅಷ್ಟೆ. ಹುಡುಕಿದ್ದು ಇವರಲ್ವಾ?” ಎಂದು ಪಟ್ಟನೆ ಎರಡು ಮಾಡಿ ದೊಡ್ಡ ತುಂಡನ್ನು ನಿನಗೆ ಕೊಟ್ಟರು.

“ಯಾರಪ್ಪಾ ಹೇಳಿಕೊಟ್ಟಿದ್ದು ನಿನಗೆ?” ಎಂದರು ತಾತ.

“ಯಾಕೆ ತಾತ, ತಪ್ಪಾಯ್ತಾ?”

ತಾತ ನನ್ನ ಕಡೆ ತಿರುಗಿ ನೋಡಿದರು. ನೀನು ನೋಡಲಿಲ್ಲ, ಬಗ್ಗಿ ಬೋದ್ಜಾಳ ಕೊರಳಪಟ್ಟಿ ಸಡಿಲಿಸುತ್ತಿದ್ದೆ, ಬಹಳ ಹೊತ್ತು. ಪುಸ್ತಕದಲ್ಲಿ ನಾನು ಅವತ್ತು ತಾರೀಖು ತಪ್ಪು ಬರೆದಿದ್ದೇನೆ.

ಮೊಣಕೈ, ನಗು, ಗುರುವಾರ, ಇವೆಲ್ಲಕ್ಕೂ ಹೊಟ್ಟೆ ಉರಿಯುವುದು ನನಗೆ ರೂಢಿಯಾಗಿದೆ. ಶನಿವಾರದ್ದು ಬೇರೆ ಉರಿ. ಒಂದು ಮಾತೂ ಬಾರದ ಮನುಷ್ಯ ಸುಮ್ಮನೆ ಮಾಡಿಬಿಟ್ಟದ್ದನ್ನು, ಎಲ್ಲ ಮಾತೂ ಬಲ್ಲ ನಾನು ಮಾಡಲಿಲ್ಲ. ಈ ಉರಿಗೆ ಡಾಕ್ಟರ ಮೇಲೆ ಸಿಟ್ಟಾಗಲೂ ಆಗುತ್ತಿಲ್ಲ. ಪ್ರಯತ್ನ ಮಾಡಿ ನೋಡಿದೆ.

ಫಾರಂ ಇದರ ಜೊತೆಗಿದೆ, ಸಹಿ ಹಾಕಿದ್ದೇನೆ. ‘ಶಿಫಾರಸಿಗೆ ಕಾರಣ’ ಎಂಬ ಜಾಗದಲ್ಲಿ ‘ನುಡಿ ತಪ್ಪು, ನಡೆ ಸರಿ’ ಎಂದು ಬರೆದಿದ್ದೇನೆ. ಬುಧವಾರ ಹಿರಿಯರು ಡಾಕ್ಟರನ್ನು ಕೇಳಿ ಮುಗಿಸಿದ ಮೇಲೆ ನಾನೂ ಎದ್ದು ನಿಂತು ಗೋಡೆಯ ಮೇಲಿನ ಫೋಟೋದ ಬಗ್ಗೆ, ನಲವತ್ತು ನಿಮಿಷದ ಬಗ್ಗೆ ಹೇಳುತ್ತೇನೆ. ನೀನು ಬರಲೇಬೇಕೆಂದಿಲ್ಲ. ಬಂದರೆ ಬೋದ್ಜಾಳನ್ನೂ ಕರೆದುಕೊಂಡು ಬಾ, ಹೇಳಬೇಕಾದದ್ದು ಮುಖ್ಯವಾಗಿ ಅವಳಿಗೆ. ಗುಡ್ಡದಾಚೆಗೆ ಮಾತ್ರ ಹೋಗಬೇಡ. ನಮ್ಮ ದಿಣ್ಣೆಯಿಂದ ಆ ಕಡೆ ಏನೂ ಕಾಣುವುದಿಲ್ಲ.

ಸರ್ಕಾರಿ ದಾಖಲೆಯಲ್ಲಿ ಇನ್ನೂ ನಿನ್ನ ಗಂಡ,
ವಿಲ್ಮೋಶ್

ತಾ.ಕ.: ಫಾರಂನ ಬಲ ಮೂಲೆಯನ್ನು ಕಚ್ಚಿ ಹರಿದದ್ದು ನಾನಲ್ಲ. ಇಷ್ಟು ಓದಿದ ಮೇಲೆ ನೀನು ನಂಬಲಿಕ್ಕಿಲ್ಲ, ಆದರೂ ನಾನಲ್ಲ. ಮಂಗಳವಾರ ಒಂದು ಮರಿ ತಂದಿದ್ದೇನೆ; ಹಳದಿ ಲ್ಯಾಬ್ರಡಾರ್, ಹೆಣ್ಣು, ಹನ್ನೊಂದು ವಾರದ್ದು. ರಾತ್ರಿಯೆಲ್ಲ ಹಾಸಿಗೆಯ ಮೇಲೆ ಮಲಗುತ್ತದೆ, ಕರೆದರೆ ಬರುವುದಿಲ್ಲ. ಗುರುವಾರದ ಹೊಸಬರ ತರಗತಿಗೆ ನಮ್ಮ ಹೆಸರು ಬರೆದುಕೋ. ಒಂಬತ್ತನೆಯ ಕಾರಿಗೆ ಜಾಗವಿಲ್ಲದಿದ್ದರೆ ನಡೆದೇ ಬರುತ್ತೇವೆ. ‘ಬಿಡು’ ಎಂಬ ಮಾತನ್ನು ಮೊದಲು ಕಲಿಸು. ಹಿಡಿದದ್ದನ್ನು ಬಿಡುವುದು ಅದಕ್ಕೆ ಇನ್ನೂ ಬರುವುದಿಲ್ಲ, ನನಗೂ.