ನನ್ನ ಮೇಲೇ ಬಂದ ಅರ್ಜಿ

ಬುಧವಾರ, ನವೆಂಬರ್ ೧೨

ಆ ಎರಡು ಪುಟದ ಅರ್ಜಿ ಬೆಳಿಗ್ಗೆಯಿಂದ ತಲೆಯಿಂದ ಇಳಿಯುತ್ತಿಲ್ಲ. ಹಾಜರಿ ಸಾಲದೆಂದು ನನ್ನ ಇಂಗ್ಲಿಷ್ ಪರೀಕ್ಷೆಗೆ ಕೂರದಂತೆ ನಾನೇ ತಡೆದಿದ್ದ ಕಾನೂನು ವಿದ್ಯಾರ್ಥಿನಿ ಇಂಗ್ಲಿಷಿನಲ್ಲಿ ಬರೆದದ್ದು. ನಾನು ಒಪ್ಪದಿದ್ದರೆ ಅವಳ ಒಂದು ವರ್ಷ ಹೋಗುತ್ತಿತ್ತು.

ಅವಳ ಅಪ್ಪನ ಆಪರೇಷನ್ ಆದಮೇಲೆ ಬೆಳಗಿನ ಹೊತ್ತು ಅವರ ಜೆರಾಕ್ಸ್ ಅಂಗಡಿ ನೋಡಿಕೊಳ್ಳುವವಳು ಇವಳೇ. ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದಾಳೆ. ಮೊದಲು ಸಂಗತಿ, ಆಮೇಲೆ ವಾದ, ಕೊನೆಗೆ ಕೋರಿಕೆ, ಎಲ್ಲಿಯೂ ಅಳು ಬೇಡ ಎಂದು ತರಗತಿಯಲ್ಲಿ ಹೇಳಿದವನು ನಾನು. ನನ್ನ ಕಟ್ಟುನಿಟ್ಟು ನ್ಯಾಯವೇ ಎಂದು ಒಪ್ಪಿಕೊಂಡು, ಮರುಸಾಲಿನಲ್ಲೇ ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟಿದ್ದಾಳೆ.

"ಕ್ಲಾಸಿಗೇ ಬರದೆ ಇದನ್ನೆಲ್ಲ ಎಲ್ಲಿ ಕಲಿತೆಯಮ್ಮ?" ಎಂದು ಎದುರಿಗೆ ನಿಂತಿದ್ದ ಅವಳನ್ನು ಕೇಳಿದೆ.

"ನಿಮ್ಮ ನೋಟ್ಸ್ ಎಲ್ರೂ ನಮ್ಮ ಅಂಗಡೀಲೇ ಜೆರಾಕ್ಸ್ ಮಾಡ್ಸೋದು ಸರ್. ಅರವತ್ತು ಕಾಪಿ ಬರೋಷ್ಟ್ರಲ್ಲಿ ಬಾಯಿಪಾಠ ಆಗಿರುತ್ತೆ."

ಅಭ್ಯಾಸಬಲದಿಂದ ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದೆ. ತಿದ್ದಲು ಏನೂ ಸಿಗಲಿಲ್ಲ. ಕೆಂಪಿನಲ್ಲೇ ಸಹಿ ಹಾಕಿಬಿಟ್ಟೆ. ಅವಳು ಥ್ಯಾಂಕ್ಸ್ ಹೇಳುವುದನ್ನೂ ಮರೆತು ಓಡಿದಳು, ಅಂಗಡಿಗೇ ಇರಬೇಕು.

ಕೊನೆಯ ಪಾಠದ ನೋಟ್ಸ್ ಇನ್ನೂ ಯಾರಿಗೂ ಕೊಟ್ಟಿಲ್ಲ. ನಾಳೆ ಬೆಳಿಗ್ಗೆ ನಾನೇ ಅಂಗಡಿಗೆ ಒಯ್ಯುತ್ತೇನೆ. ಎಷ್ಟು ಕಾಪಿ ಎಂದು ಕೇಳಿಯೇ ಕೇಳುತ್ತಾಳೆ. 'ಒಂದೇ, ಅದೂ ನಿನಗೆ' ಎನ್ನಲು ನನ್ನ ನಾಲಿಗೆ ಹೊರಳಿದರೆ ಸಾಕು.