ಫೆಬ್ರವರಿ ಮೂವತ್ತರಂದು ನಿಮ್ಮ ಗೋಡೆಯ ಮೇಲೆ ತೀರಿಕೊಂಡವನ ಅಹವಾಲು

ಸೇವಾ ಕೇಂದ್ರದ ಮುಖ್ಯಸ್ಥರ ಕುರ್ಚಿಯಲ್ಲಿರುವ ಮಾನ್ಯರೇ,

ನಿಮ್ಮ ಕೇಂದ್ರದಲ್ಲಿ ಮರಣ ಪ್ರಮಾಣಪತ್ರ ಕೊಡುವ ಕೌಂಟರಿನ ಪಕ್ಕದ ಗೋಡೆಯ ಮೇಲೆ ನಾನು ಸತ್ತಿದ್ದೇನೆ. ಅದಕ್ಕೆ ನನ್ನ ಆಕ್ಷೇಪವಿಲ್ಲ, ಸಾಯಲು ನಾನೇ ಒಪ್ಪಿದ್ದೆ. ಆದರೆ ನನ್ನನ್ನು ಆ ಗೋಡೆಗೆ ತಂದವಳು ಯಾರು ಎಂಬುದನ್ನು ನೀವು ಮುಚ್ಚಿಟ್ಟಿದ್ದೀರಿ. ನನ್ನ ತಂಗಿಯ ಮಗಳು ಟಾನ್ಯಾ ನಿಮ್ಮ ನೇಮಕಾತಿ ಪರೀಕ್ಷೆಗೆಂದು ಮಾಡಿಕೊಟ್ಟ ಕೆಲಸವನ್ನು ನೀವು ಇಟ್ಟುಕೊಂಡಿರಿ, ಹುದ್ದೆಯನ್ನು ರದ್ದು ಮಾಡಿದಿರಿ. ಈಗ ಅದೇ ಕೆಲಸ ಬೇರೊಂದು ಸಂಸ್ಥೆಯ ಹೆಸರಿನಲ್ಲಿ ನಿಮ್ಮಲ್ಲಿ ರಾರಾಜಿಸುತ್ತಿದೆ.

ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ. ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದವನು, ತಾರೀಕುಗಳು ನನ್ನ ಬಳಿ ಭದ್ರವಾಗಿರುತ್ತವೆ. ಹೋದ ಜುಲೈಯಲ್ಲಿ ವಾಮಂಜೂರಿನ ಒಂದು ಕಾಲೇಜಿನ ವೇದಿಕೆಯಲ್ಲಿ ನಿಂತು ನೀವು, ‘ಓದಿದ ಮಕ್ಕಳು ಊರು ಬಿಟ್ಟು ಹೋಗಬೇಡಿ, ನಿಮ್ಮ ಯೋಚನೆಗಳನ್ನು ನಮ್ಮ ಬಳಿಗೆ ತನ್ನಿ’ ಎಂದಿರಿ. ಮೂರನೆಯ ಸಾಲಿನಲ್ಲಿ ಟಾನ್ಯಾ ಕುಳಿತಿದ್ದಳು. ಆಗಷ್ಟೇ ಸರ್ವಿಸ್ ಡಿಸೈನ್ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಬಂದವಳು. ಒಂದು ಸೇವೆ ಬೇಕೆಂದು ಬಂದ ಮನುಷ್ಯ ಬಾಗಿಲಿನಿಂದ ಕೊನೆಯ ಸೀಲು ಬೀಳುವವರೆಗೆ ಎಲ್ಲಿ ಎಡವುತ್ತಾನೆ, ಯಾಕೆ ಎಡವುತ್ತಾನೆ ಎಂದು ನೋಡಿ ಸರಿಪಡಿಸುವ ವಿದ್ಯೆ ಅದು. ನಿಮ್ಮ ಮಾತನ್ನು ಅವಳು ನಂಬಿದಳು. ನಾನು ನಂಬಲಿಲ್ಲ. ಮೂವತ್ತು ವರ್ಷಗಳ ಹಿಂದೆ ಇಂಥದೇ ಕಚೇರಿಯೊಂದರ ಸಲಹಾ ಪೆಟ್ಟಿಗೆಗೆ, ಸರತಿಯಲ್ಲಿ ನಿಲ್ಲುವವರ ತಲೆಯ ಮೇಲೆ ಒಂದು ಮಾಡು ಹಾಕಿ ಎಂದು ಚೀಟಿ ಬರೆದು ಹಾಕಿದ್ದೆ. ಉತ್ತರ ಬರಲಿಲ್ಲ. ಎರಡು ವರ್ಷಗಳ ನಂತರ ಮಾಡು ಬಂತು, ‘ಇದು ನನ್ನ ಕಲ್ಪನೆ’ ಎಂಬ ಉದ್ಘಾಟಕರ ಭಾಷಣದೊಂದಿಗೆ. ನೆರಳು ಸಿಕ್ಕಿತಲ್ಲ ಎಂದು ಸುಮ್ಮನಿದ್ದೆ. ಆಗ ಸುಮ್ಮನಿದ್ದದ್ದು ತಪ್ಪೆಂದು ಈಗ ಅನಿಸುತ್ತದೆ.

ಆಗಸ್ಟಿನಲ್ಲಿ ನೀವು ‘ಸೇವಾ ವಿನ್ಯಾಸಕರು, ಒಂದು ಹುದ್ದೆ’ ಎಂದು ಪ್ರಕಟಿಸಿದಿರಿ. ಆಯ್ಕೆಯ ಮೊದಲ ಹಂತವಾಗಿ ಪ್ರತಿಯೊಬ್ಬ ಅಭ್ಯರ್ಥಿಯೂ ಮರಣ ಪ್ರಮಾಣಪತ್ರದ ವಿಭಾಗವನ್ನು ಅಧ್ಯಯನ ಮಾಡಿ, ಪೂರ್ಣ ಪರಿಹಾರವನ್ನು, ಅಚ್ಚಿಗೆ ಸಿದ್ಧವಾದ ನಕ್ಷೆಗಳ ಸಮೇತ, ಹದಿನೈದು ದಿನಗಳಲ್ಲಿ ಒಪ್ಪಿಸಬೇಕಿತ್ತು. ಪರೀಕ್ಷೆಗೆ ಉತ್ತರ ಸಾಕಲ್ಲವೇ, ಅಚ್ಚಿಗೆ ಸಿದ್ಧವಾದ ನಕ್ಷೆ ಯಾಕೆ ಎಂದು ನಾನು ಅಂದೇ ಕೇಳಿದ್ದೆ.

‘ಈಗ ಎಲ್ಲ ಕಡೆ ಹೀಗೇ ಮಾಮ್, ಕೆಲಸ ತೋರಿಸದೆ ಯಾರೂ ಕರೆಯುವುದಿಲ್ಲ’ ಎಂದಳು ಟಾನ್ಯಾ. ಮಾಮ್ ಎಂದರೆ ನಮ್ಮ ಕೊಂಕಣಿಯಲ್ಲಿ ಸೋದರಮಾವ.

ಎಂಟು ದಿನ ಬೆಳಿಗ್ಗೆ ಅವಳು ಕುಲಶೇಖರದಿಂದ ಬಸ್ಸು ಹತ್ತಿ ಬಂದು ನಿಮ್ಮ ಬೆಂಚಿನ ಮೇಲೆ ಕುಳಿತಳು. ಅವಳ ತಾಯಿ ಉರ್ಸುಲಾಗೆ ಇದು ಅರ್ಥವೇ ಆಗಲಿಲ್ಲ. ‘ಇಷ್ಟು ಓದಿ ಸತ್ತವರ ಮನೆಯವರೊಟ್ಟಿಗೆ ಕ್ಯೂನಲ್ಲಿ ಕೂತ್ಕೊಳ್ಳುವುದು ಎಂತ ಕೆಲಸ?’ ಎಂದು ದಿನಾ ಕೇಳುತ್ತಿದ್ದಳು. ಎಂತ ಕೆಲಸ ಎಂದರೆ, ಎರಡು ಗಂಟೆ ನಿಂತು ಕಿಟಕಿ ಮುಟ್ಟಿದವರಲ್ಲಿ ಅರ್ಧದಷ್ಟು ಜನ ಬರಿಗೈಯಲ್ಲಿ ಮರಳುವುದು ಯಾಕೆ ಎಂದು ಅವಳು ಕಂಡುಹಿಡಿದಳು. ಆಸ್ಪತ್ರೆಯ ಚೀಟಿಯಲ್ಲಿ ಮನೆಯವರು ಕರೆಯುವ ಹೆಸರು, ಆಧಾರ್ ಕಾರ್ಡಿನಲ್ಲಿ ದೀಕ್ಷಾಸ್ನಾನದ ಹೆಸರೋ ಶಾಲೆಯ ಹೆಸರೋ. ಇದು ಗೊತ್ತಾಗುವುದು ಕಿಟಕಿಯಲ್ಲಿ, ಅದೂ ಗದರಿಕೆಯ ಮೂಲಕ. ಅವಳ ಪರಿಹಾರ ಸರಳವಾಗಿತ್ತು: ಸರತಿಗೆ ಮೊದಲೇ ಹೆಸರು ತಾಳೆ ನೋಡುವ ಒಂದು ಮೇಜು, ನಿಲ್ಲುವ ಸರತಿಯ ಬದಲು ಕುರ್ಚಿಗಳು, ಬರೆಯುವ ಹಲಗೆಯ ಎದುರು ಎದೆಮಟ್ಟದಲ್ಲಿ ತುಂಬಿಸಿದ ಒಂದು ಮಾದರಿ ಅರ್ಜಿ.

ಮಾದರಿ ಅರ್ಜಿಗೆ ಒಬ್ಬ ಮೃತರು ಬೇಕಲ್ಲ. ಒಂದು ಸಂಜೆ ಚಹಾ ಕುಡಿಯುವಾಗ ಕೇಳಿದಳು, ‘ಮಾಮ್, ನಿಜವಾಗಿ ಸತ್ತವರ ಹೆಸರು ಹಾಕಿದ್ರೆ ಮನೆಯವರಿಗೆ ನೋವಾಗ್ತದೆ. ನೀವು ಸಾಯ್ತೀರಾ?’

‘ಯಾವಾಗ?’

‘ಫೆಬ್ರವರಿ ಮೂವತ್ತಕ್ಕೆ. ಇಲ್ಲದ ದಿನ ಹಾಕಿದ್ರೆ ಯಾರೂ ನಿಜ ಅಂತ ತಿಳ್ಕೊಳ್ಳುವುದಿಲ್ಲ.’

‘ಹಾಗಾದ್ರೆ ಆಗ್ಬಹುದು. ಪಾದ್ರಿಗಳಿಗೆ ತಿಳಿಸ್ಬೇಡ.’

ನನ್ನ ಹೆಸರು, ನನ್ನ ಮನೆಯ ವಿಳಾಸ, ಆ ತಾರೀಕು ಹಾಕಿ, ‘ಅಚ್ಚಿಗೆ ಕೊಡುವ ಮೊದಲು ಹೆಸರು, ವಿಳಾಸ, ತಾರೀಕು ಬದಲಿಸಬೇಕು’ ಎಂದು ಕೆಳಗೆ ಟಿಪ್ಪಣಿ ಬರೆದಳು. ಸೆಪ್ಟೆಂಬರಿನಲ್ಲಿ ನಿಮಗೆ ಒಪ್ಪಿಸಿದಳು. ಅಕ್ಟೋಬರಿನಲ್ಲಿ ಅವಳೂ ಸೇರಿ ಹನ್ನೊಂದು ಅಭ್ಯರ್ಥಿಗಳಿಗೆ ಎರಡು ಸಾಲಿನ ಇಮೇಲ್ ಬಂತು: ಆಡಳಿತಾತ್ಮಕ ಕಾರಣಗಳಿಂದ ಹುದ್ದೆ ರದ್ದಾಗಿದೆ.

ಕಳೆದ ತಿಂಗಳು ನಮ್ಮ ನೆರೆಮನೆಯ ಸರ್ವೋತ್ತಮರು ತೀರಿಕೊಂಡರು. ಅವರ ಪತ್ನಿ ಉಮಾವತಿಯವರ ಜೊತೆ ನಾನು ನಿಮ್ಮಲ್ಲಿಗೆ ಬಂದೆ. ಬಾಗಿಲಲ್ಲೇ ಒಂದು ಮೇಜು, ಹೆಸರು ತಾಳೆ ನೋಡುವ ಹುಡುಗಿ. ಸಾಲಾಗಿ ಕುರ್ಚಿಗಳು. ಎಲ್ಲವನ್ನೂ ಎಲ್ಲೋ ನೋಡಿದ್ದೇನೆ ಅನಿಸುತ್ತಿರುವಾಗಲೇ ಅರ್ಜಿ ಬರೆಯುತ್ತಿದ್ದ ಉಮಾವತಿಯವರ ಪೆನ್ನು ನಿಂತಿತು. ಗೋಡೆಯ ಮೇಲಿನ ಮಾದರಿ ಅರ್ಜಿಯನ್ನು ಓದಿದರು, ನನ್ನನ್ನು ನೋಡಿದರು, ಮತ್ತೆ ಗೋಡೆಯನ್ನು ಓದಿದರು.

‘ಅಲ್ಲ ಮಾಸ್ಟ್ರೇ, ನೀವು ನಮ್ಮ ಇವರಿಗಿಂತ ಮೊದಲೇ ಹೋಗಿದ್ದೀರಲ್ಲ. ಒಂದು ಮಾತು ಹೇಳಬಾರದಿತ್ತಾ?’

ಗಂಡ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ. ಆಮೇಲೆ ಆ ಮಾದರಿ ಅರ್ಜಿಯ ಮೂಲೆಯಲ್ಲಿ ‘ವಿನ್ಯಾಸ’ ಎಂದು ಬರೆದು ಅದರ ಮುಂದೆ ಯಾವುದೋ ಸಂಸ್ಥೆಯ ಹೆಸರು ಇರುವುದನ್ನು ಕಂಡೆ, ನಗು ನಿಂತಿತು. ಮೇಜಿನ ಹುಡುಗಿಯನ್ನು ಇದು ಯಾರು ಮಾಡಿದ್ದೆಂದು ಕೇಳಿದೆ. ‘ಫೈಲ್ ಮೇಲಿಂದ ಬಂದದ್ದು ಸರ್.’ ಮೇಲಿಂದ ಎಂದರೆ? ‘ಮೇಲಿಂದ ಅಂದ್ರೆ ಎಂತ ಹೇಳುದು ಸರ್, ನಮಗೆ ಕೆಳಗೆ ಮಾತ್ರ ಡ್ಯೂಟಿ.’

ಮಾನ್ಯರೇ, ಯಾರೋ ಕದ್ದರು ಎಂದು ನಾನು ಹೇಳುತ್ತಿಲ್ಲ. ಕುರ್ಚಿ ಹಾಕಬೇಕೆಂಬ ಯೋಚನೆ ಇಬ್ಬರಿಗೆ ಬರಬಹುದು. ಮೇಜಿನ ಯೋಚನೆಯೂ ಬರಬಹುದು. ಆದರೆ ಜಗತ್ತಿನ ಇಬ್ಬರು ವಿನ್ಯಾಸಕರಿಗೆ, ಪರಸ್ಪರ ಪರಿಚಯವಿಲ್ಲದೆ, ಕುಲಶೇಖರದ ಇದೇ ನಿವೃತ್ತ ಮಾಸ್ತರನನ್ನು ಫೆಬ್ರವರಿ ಮೂವತ್ತರಂದೇ ಸಾಯಿಸಬೇಕೆಂದು ಹೊಳೆಯುವುದುಂಟೇ? ಆ ಸಂಸ್ಥೆಗೆ ಕಡತ ಕೊಟ್ಟವರು ಯಾರು? ಹನ್ನೊಂದು ಅಭ್ಯರ್ಥಿಗಳು ಒಪ್ಪಿಸಿದ ಹನ್ನೊಂದು ಪರಿಹಾರಗಳು ಈಗ ಎಲ್ಲಿವೆ? ಹುದ್ದೆ ನಿಜವಾಗಿ ಇತ್ತೇ, ಅಥವಾ ಪರಿಹಾರಗಳು ಬಂದು ಸೇರಲಿ ಎಂದೇ ಅದನ್ನು ಪ್ರಕಟಿಸಿದ್ದೇ? ಕಡೆಯ ಪ್ರಶ್ನೆ ಕೇಳಲು ನನಗೇ ಸಂಕೋಚ. ಆದರೂ ಕೇಳಿದ್ದೇನೆ.

ಇದರಿಂದ ಅವಳಿಗೇನು ನಷ್ಟ ಎನ್ನುತ್ತೀರೇನೋ. ಈ ವೃತ್ತಿಯಲ್ಲಿ ಪದವಿಪತ್ರವನ್ನು ಯಾರೂ ಬಿಡಿಸಿ ನೋಡುವುದಿಲ್ಲ, ಮಾಡಿದ ಕೆಲಸವನ್ನು ನೋಡುತ್ತಾರೆ. ಕಾಲೇಜಿನ ಹೊರಗೆ ಟಾನ್ಯಾ ಮಾಡಿದ ದೊಡ್ಡ ಕೆಲಸ ಇದೊಂದೇ. ಎರಡು ವಾರದ ಹಿಂದೆ ಪುಣೆಯ ಕಂಪನಿಯೊಂದರ ಆನ್‌ಲೈನ್ ಸಂದರ್ಶನದಲ್ಲಿ ಇದನ್ನು ತೋರಿಸಿದಾಗ, ಎದುರಿಗಿದ್ದವರು ಆ ಸಂಸ್ಥೆಯ ಜಾಲತಾಣ ತೆರೆದು ನಿಮ್ಮ ಕೇಂದ್ರದ ಫೋಟೊಗಳನ್ನು ತೋರಿಸಿ, ‘ಇದು ಇವರ ಕೆಲಸವಲ್ಲವೇ?’ ಎಂದು ಕೇಳಿದರು. ಅವಳು ಹೇಳಿದ್ದನ್ನು ಸೌಜನ್ಯದಿಂದ ಕೇಳಿಸಿಕೊಂಡರು, ಮತ್ತೆ ಕರೆಯಲಿಲ್ಲ. ನಕಲು ಮಾಡಿದವರು ಸುಖವಾಗಿದ್ದಾರೆ, ಅಸಲು ಮಾಡಿದವಳು ನಕಲಿಯಾದಳು. ಅಂದಿನಿಂದ ತನ್ನ ಕೆಲಸಗಳ ಪಟ್ಟಿಯಿಂದ ಅವಳು ಇದನ್ನು ತೆಗೆದುಹಾಕಿದ್ದಾಳೆ. ಇದೇ ಇಪ್ಪತ್ತಾರಕ್ಕೆ ನಮ್ಮೂರಿನದೇ ಒಂದು ಆಸ್ಪತ್ರೆಯಲ್ಲಿ ಇನ್ನೊಂದು ಸಂದರ್ಶನವಿದೆ. ಏನು ತೋರಿಸುತ್ತೀ ಎಂದರೆ ಕಾಲೇಜಿನ ಹಳೆಯ ಪ್ರಾಜೆಕ್ಟುಗಳನ್ನು ಬಿಡಿಸಿಕೊಂಡು ಕೂರುತ್ತಾಳೆ.

ನನ್ನ ಬೇಡಿಕೆ ದೊಡ್ಡದಲ್ಲ. ಈ ವಿನ್ಯಾಸ ಟಾನ್ಯಾಳದು, ಇಂಥ ದಿನ ನಮಗೆ ಬಂದು ತಲುಪಿತು ಎಂದು ನಿಮ್ಮ ಸಹಿ, ಸೀಲು ಇರುವ ಒಂದು ಪುಟವನ್ನು ಇಪ್ಪತ್ತೈದರೊಳಗೆ ಕೊಡಿ. ಮಾದರಿ ಅರ್ಜಿಯ ಮೂಲೆಯಲ್ಲಿ ಅವಳ ಹೆಸರು ಹಾಕಿ. ಉಳಿದ ಹತ್ತು ಮಂದಿಯ ಕಡತಗಳು ಎಲ್ಲಿಗೆ ಹೋದವೆಂದು ಅವರಿಗೂ ತಿಳಿಸಿ.

ಈ ಪತ್ರದ ಕರಡನ್ನು ಟಾನ್ಯಾಗೆ ಓದಿ ಹೇಳಿದೆ. ಎರಡು ಬಿರುನುಡಿಗಳನ್ನು ತೆಗೆಸಿದಳು. ಆಮೇಲೆ, ‘ಕಳಿಸಿ ಮಾಮ್. ಆದ್ರೆ ಸಿಟ್ಟಿನಲ್ಲಿ ಅವರು ಆ ಕುರ್ಚಿಗಳನ್ನು ತೆಗೆಯುವ ಹಾಗೆ ಮಾಡ್ಬೇಡಿ. ಉಮಾವತಿ ಆಂಟಿ ಕೂತ್ಕೊಂಡದ್ದು ನೀವೇ ಹೇಳಿದ್ರಲ್ಲ’ ಎಂದಳು. ಅವಳ ಮಾತಿನಂತೆ ಕೇಳಿಕೊಳ್ಳುತ್ತೇನೆ, ಕುರ್ಚಿಗಳು ಇರಲಿ. ನನ್ನ ಹೆಸರೂ ಇರಲಿ. ಇದರ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಅಲ್ಲಿ ಪ್ರಕಟವಾದ ಮರುದಿನ ಮಿಕ್ಕದ್ದೆಲ್ಲ ಹಾಗೇ ಇದ್ದು ಆ ತಾರೀಕೊಂದು ಮಾತ್ರ ಇಪ್ಪತ್ತೆಂಟು ಎಂದು ತಿದ್ದುಪಡಿಯಾದರೆ ನನಗೆ ಆಶ್ಚರ್ಯವಾಗುವುದಿಲ್ಲ. ಗೋಡೆಯ ಫೋಟೊ ತೆಗೆದಿಟ್ಟಿದ್ದೇನೆ, ಉಮಾವತಿಯವರನ್ನು ಪಕ್ಕದಲ್ಲಿ ನಿಲ್ಲಿಸಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಮೃತನಾಗಿದ್ದರೂ ಉತ್ತರಕ್ಕೆ ಕಾಯುತ್ತಿರುವ
ಇಸಿದೋರ್ ರೇಗೊ
ಕುಲಶೇಖರ, ಮಂಗಳೂರು
(ವಿಳಾಸಕ್ಕೆ ನಿಮ್ಮ ಗೋಡೆಯನ್ನು ನೋಡುವುದು)